ಮರದಡಿ ಟಾರ್ಪಾಲು, ಅಂಗಳದಲ್ಲಿ ತುರಾಯಿ

ಜಪಾನಿನ ಹೂವಿನ ಹಬ್ಬದ ಬಗ್ಗೆ ಮಾತಾಡಿ ಎಂದು ಸಂಘದವರು ಕೇಳಿದಾಗ ನಾನೊಂದು ಕರಾರು ಹಾಕಿದೆ: ಜೊತೆಗೆ ನಮ್ಮ ಸುಗ್ಗಿ ಕುಣಿತವನ್ನೂ ಎಳೆದುತರುತ್ತೇನೆ ಅಂತ. ಭಟ್ಕಳ ತಾಲೂಕಿನ ಈ ಬೆಳಕೆಯಲ್ಲಿ ನಿಂತು ಬರೀ ಟೋಕಿಯೊ ಬಣ್ಣಿಸಿದರೆ ಅದು ಪ್ರವಾಸಿ ಕಂಪನಿಯ ಜಾಹೀರಾತಾದೀತು.

ಮಾರ್ಚ್ ಕೊನೆಯ ವಾರ ಟೋಕಿಯೊದ ಉಯೆನೊ ಉದ್ಯಾನಕ್ಕೆ ಹೋದವರ ಕಣ್ಣಿಗೆ ಹೂವಿಗಿಂತ ಮೊದಲು ಬೀಳುವುದು ನೀಲಿ ಟಾರ್ಪಾಲು. ಬೆಳಿಗ್ಗೆಯೇ ಒಬ್ಬ ಹುಡುಗ ಅದರ ಮೇಲೆ ಒಂಟಿಯಾಗಿ ಕೂತಿರುತ್ತಾನೆ. ಕಚೇರಿಗೆ ಹೊಸದಾಗಿ ಸೇರಿದವನು. ಸಂಜೆ ಬರುವ ಮೇಲಿನವರಿಗೆ ಜಾಗ ಹಿಡಿಯುವುದು ಅವನ ಪಾಲಿನ ಕೆಲಸ. ಸಂಜೆ ಎಲ್ಲರೂ ಬಂದು ಚಪ್ಪಲಿ, ಬೂಟು ಅಂಚಿನಲ್ಲಿ ಕಳಚಿ ಸಾಲಾಗಿ ಇಡುತ್ತಾರೆ. ಒಂದು ಪ್ಲಾಸ್ಟಿಕ್ ಹಾಳೆ, ಆದರೂ ಹಾಸಿದ ಮೇಲೆ ಅದು ಮನೆ. ತಿನ್ನುತ್ತಾರೆ, ಕುಡಿಯುತ್ತಾರೆ, ಹಾಡುತ್ತಾರೆ, ಎದ್ದು ಹೋಗುವಾಗ ಕಸ ಕಟ್ಟಿಕೊಂಡು ಹೋಗುತ್ತಾರೆ. ಇದನ್ನೇ ಅವರು ಹನಾಮಿ ಅನ್ನುವುದು. ಅಷ್ಟು ಜನರಲ್ಲಿ ಒಬ್ಬರೂ ಕೊಂಬೆಗೆ ಕೈ ಹಾಕುವುದಿಲ್ಲ. ನಮ್ಮ ಹೆಂಗಸರಾದರೆ ಇಷ್ಟು ಹೊತ್ತಿಗೆ ಕೊಂಬೆ ಬಗ್ಗಿಸಿ, ಸೆರಗು ತುಂಬಿಸಿ, ಬಾಳೆನಾರು ಹುಡುಕುತ್ತಿದ್ದರು.

ಇಷ್ಟು ಜನ ಒಂದೇ ವಾರ ಹೊರಬೀಳುವುದಕ್ಕೆ ಕಾರಣ ಇದೆ. ಜಪಾನಿನ ಊರೂರಲ್ಲಿ ಕಾಣುವ ಚೆರ್ರಿಯ ಬಹುಪಾಲು ಸೊಮೆಯಿ ಯೊಶಿನೊ ಎಂಬ ಒಂದೇ ತಳಿ. ಸೊಮೆಯಿ ಎಂಬುದು ಈಗ ಟೋಕಿಯೊ ಒಳಗೇ ಸೇರಿಹೋಗಿರುವ, ಗಿಡ ಬೆಳೆಸಿ ಮಾರುವವರ ಹಳ್ಳಿ. ಅಲ್ಲಿಂದ 19ನೇ ಶತಮಾನದಲ್ಲಿ ಹೊರಟ ಈ ತಳಿ ಬೀಜದಿಂದ ಹಬ್ಬಿದ್ದಲ್ಲ, ಕಸಿಯಿಂದ. ಹಾಗಾಗಿ ಲಕ್ಷಗಟ್ಟಲೆ ಮರಗಳೂ ಒಂದೇ ಮರದ ಪಡಿಯಚ್ಚು. ಒಂದೇ ಊರಿನ ಒಂದೇ ಸೆಕೆಗೆ ಎಲ್ಲವೂ ಒಟ್ಟಿಗೆ ಬಿರಿಯುತ್ತವೆ, ಒಂದೆರಡು ವಾರದಲ್ಲಿ ಒಟ್ಟಿಗೇ ಉದುರುತ್ತವೆ. ಟೋಕಿಯೊದಲ್ಲಿ ಯಸುಕುನಿ ದೇಗುಲದ ಒಂದು ಮರವನ್ನು ಹವಾಮಾನ ಇಲಾಖೆಯವರು ಗುರುತು ಮಾಡಿ ಇಟ್ಟಿದ್ದಾರೆ. ಅಧಿಕಾರಿ ಬಂದು, ಟೀವಿ ಕ್ಯಾಮೆರಾಗಳ ಮುಂದೆ ಕತ್ತೆತ್ತಿ ಎಣಿಸುತ್ತಾನೆ. ಐದಾರು ಹೂ ಅರಳಿದ್ದರೆ ವಸಂತ ಬಂತೆಂದು ಸರಕಾರಿ ಘೋಷಣೆ. ನೂರಕ್ಕೆ ಎಂಬತ್ತು ಪಾಲು ಅರಳಿದರೆ ಪೂರ್ತಿ ಅರಳಿತೆಂದು ಲೆಕ್ಕ.

ಬೆಂಗಳೂರಿನವರು ಗುಲಾಬಿ ತಬೂಬಿಯಾ ಬಿಟ್ಟಾಗ ನಮಗೂ ಚೆರ್ರಿ ಬಂತು ಅನ್ನುತ್ತಾರೆ. ಅದು ಅಮೆರಿಕ ಖಂಡದ ಮರ, ಇರಲಿ. ಆದರೆ ಬೆಂಗಳೂರಿನ ಸಾಲುಮರಗಳ ಹಿಂದಿದ್ದ ಕ್ರುಂಬಿಗಲ್ ಸಾಹೇಬರ ಲೆಕ್ಕಾಚಾರ ಸೊಮೆಯಿಯದಕ್ಕೆ ತದ್ವಿರುದ್ಧ: ಒಂದು ಜಾತಿ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಬೀದಿಯಲ್ಲಿ ಎಲ್ಲೋ ಒಂದು ಕಡೆ ಹೂ ಇರಬೇಕು.

ಇನ್ನೊಂದು ಸಂಗತಿ. ಈ ಸೊಮೆಯಿ ಹೂವಿಗೆ ಪರಿಮಳ ಇಲ್ಲವೆಂದೇ ಹೇಳಬೇಕು. ಚೆರ್ರಿಯ ಘಮ ಬೇಕಾದರೆ ಎಲೆಗೆ ಹೋಗಬೇಕು. ಒಂದು ಜಾತಿಯ ಎಲೆಯನ್ನು ಉಪ್ಪಲ್ಲಿ ಹಾಕಿಟ್ಟು ಅಕ್ಕಿಯ ಸಿಹಿಗೆ ಸುತ್ತುತ್ತಾರೆ, ನಾವು ಅರಿಶಿನದೆಲೆಯಲ್ಲಿ ಕಡುಬು ಮಾಡಿದ ಹಾಗೆ. ನಮ್ಮ ಕರಾವಳಿಯಲ್ಲಿ ಇದೇ ಕಾಲದ ಹೂಗಳನ್ನು ನೆನಪಿಸಿಕೊಳ್ಳಿ. ಸುರಗಿ, ರಂಜಲು, ಮಲ್ಲಿಗೆ, ಎಲ್ಲವೂ ಮೂಗಿನ ಹೂಗಳು. ಸುರಗಿ ನೋಡಲಿಕ್ಕೆ ಏನೂ ಅಲ್ಲ: ಬಲಿತ ಕೊಂಬೆಗೇ ಅಂಟಿದ ಗುಂಡು ಮೊಗ್ಗು, ಬಿಳಿ ಎಸಳು, ನಡುವೆ ಹಳದಿ ಕೇಸರ. ಅದರ ಮರದಡಿ ಟಾರ್ಪಾಲು ಹಾಸಿದರೆ ಮೊಗ್ಗು ಉದುರಿಸಿ ಒಟ್ಟುಮಾಡಲಿಕ್ಕೇ ಹೊರತು ಕೂತು ನೋಡಲಿಕ್ಕಲ್ಲ. ಆದರೆ ದಂಡೆ ಕಟ್ಟಿ ಒಣಗಿಸಿಟ್ಟರೆ ಎಷ್ಟೋ ದಿನ ಕಳೆದ ಮೇಲೂ ನೀರು ಚಿಮುಕಿಸಿದೊಡನೆ ಘಮ್ಮೆನ್ನುತ್ತದೆ. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ‘ಸುರಗಿ’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಇನ್ನು ಭಟ್ಕಳ ಮಲ್ಲಿಗೆಯ ಬಗ್ಗೆ ನಿಮಗೆ ನಾನು ಹೇಳಬೇಕೆ? ಮೊಗ್ಗು ಬಿರಿಯುವ ಮೊದಲೇ ಕೊಯ್ದು, ಕಟ್ಟಿ, ಮೊಳದ ಲೆಕ್ಕದಲ್ಲಿ ಅಂದೇ ಮಾರಬೇಕು. ನವಾಯತ ಮುಸ್ಲಿಮರ ಮದುವೆಯಿಂದ ದೇವರ ಮುಡಿಯವರೆಗೆ ಅದಕ್ಕೇ ಕಾಯುತ್ತಾರೆ. ಗಿಡದಲ್ಲೇ ಅರಳಿಬಿಟ್ಟರೆ ಬೆಳೆಗಾರನಿಗೆ ನಷ್ಟ.

ಈಗ ಸುಗ್ಗಿಗೆ ಬರುತ್ತೇನೆ. ಭಟ್ಕಳದ ಕಡೆ ಗೊಂಡರ ಢಕ್ಕೆ ಕುಣಿತ ಇದ್ದ ಹಾಗೆ ಹೊನ್ನಾವರ, ಕುಮಟಾ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ ಹೋಳಿ ಹುಣ್ಣಿಮೆಯ ಮುಂಚಿನ ದಿನಗಳಲ್ಲಿ ಸುಗ್ಗಿ ಹೊರಡುತ್ತದೆ. ಕೊಪ್ಪದ ಹಿರಿಯರಾದ ಗೌಡ, ಬುದವಂತ, ಕೋಲಕಾರರ ಒಪ್ಪಿಗೆ ಇಲ್ಲದೆ ಹೊರಡುವುದಿಲ್ಲ. ಕುಣಿಯುವವರು ತಲೆಯ ಮೇಲೆ ಹೊರುವ ತುರಾಯಿಯನ್ನು ಹತ್ತಿರದಿಂದ ನೋಡಿದ್ದೀರಾ? ಬೆಂಡನ್ನು ತೆಳ್ಳಗೆ ಹೆರೆದು, ಎಸಳು ಮಾಡಿ, ಬಣ್ಣ ಹಾಕಿ, ಕಡ್ಡಿಗೆ ಚುಚ್ಚಿ, ಒಂದರ ಮೇಲೊಂದು ಏರಿಸಿದ ಹೂವಿನ ಗೋಪುರ. ಹೊತ್ತವನು ತಲೆ ತಿರುಗಿಸಬೇಕಾದರೆ ಇಡೀ ಮೈ ತಿರುಗಿಸಬೇಕು. ಕುಣಿಯುವಾಗ ಕಾಲು ಜೋರು, ಕುತ್ತಿಗೆ ಮಾತ್ರ ನೆಟ್ಟಗೆ. ಕೈಯಲ್ಲಿ ನವಿಲುಗರಿಯ ಕುಂಚ, ಹಿಂದೆ ಗುಮಟೆ, ಜಾಗಟೆ. ತಂಡ ಮನೆಯಿಂದ ಮನೆಗೆ ಬರುತ್ತದೆ, ಅಂಗಳದಲ್ಲಿ ಸುತ್ತು ಹಾಕುತ್ತದೆ, ಮನೆಯವರು ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಕೊನೆಗೆ ಹಗರಣದ ವೇಷಗಳು ಸಾಹುಕಾರನನ್ನೂ ಅಧಿಕಾರಿಯನ್ನೂ ಅಣಕಿಸಿ ನಗಿಸುತ್ತವೆ. ಉಯೆನೊದಲ್ಲೂ ಎರಡು ಲೋಟ ಇಳಿದ ಮೇಲೆ ಜಾಗ ಹಿಡಿದ ಹುಡುಗನೇ ಮ್ಯಾನೇಜರನ ಮುಂದೆ ಹಾಡುವುದುಂಟು.

ಜಪಾನಿನಲ್ಲಿ ಜನ ಮರದ ಹತ್ತಿರ ಹೋಗುತ್ತಾರೆ; ಇಲ್ಲಿ ಹೂವೇ ನಡೆದುಕೊಂಡು ಅಂಗಳಕ್ಕೆ ಬರುತ್ತದೆ. ಮರ ನೋಡಲು ಹೊರಡುವವನಿಗೆ ರಜೆ ಬೇಕು, ರೈಲಿನ ದುಡ್ಡು ಬೇಕು. ಸುಗ್ಗಿ ನೋಡುವುದಕ್ಕೆ ಹಾಸಿಗೆ ಹಿಡಿದ ಅಜ್ಜಿಗೂ ಕಿಟಕಿ ತೆರೆದರೆ ಸಾಕು. ಈ ವಿಷಯದಲ್ಲಿ ನಾನು ನಮ್ಮೂರಿನ ಪಕ್ಷ.

ಇನ್ನೊಂದು ವಿಷಯದಲ್ಲಿ ಮಾತ್ರ ಅವರ ಪಕ್ಷ. ಸುಗ್ಗಿಗೆ ಹುಣ್ಣಿಮೆಯೇ ಗಡುವು. ಹೋಳಿ ಹುಣ್ಣಿಮೆ 2025ರಲ್ಲಿ ಮಾರ್ಚ್ ಮಧ್ಯಕ್ಕೆ ಬಂತು, 2026ರಲ್ಲಿ ಮಾರ್ಚ್ 3ಕ್ಕೇ. ಕಾಡಿನ ಹೂ ಹಿಂದಾಗಲಿ ಮುಂದಾಗಲಿ, ಬೆಂಡಿನ ಹೂ ತಪ್ಪುವುದಿಲ್ಲ. ಜಪಾನಿನವರ ಹಬ್ಬ ನಿಜವಾದ ಹೂವಿಗೇ ಕಾಯಬೇಕು. ಹೂ ಬೇಗ ಬಿಟ್ಟರೆ ನಿಗದಿಯಾದ ದಿನ ಬರೀ ಎಲೆಗಳ ಕೆಳಗೆ ಹಬ್ಬ ಮಾಡಬೇಕಾಗುತ್ತದೆ. ಆದ್ದರಿಂದಲೇ ಅವರು ತಾರೀಕನ್ನು ಬಿಡದೆ ಬರೆದಿಟ್ಟರು. ಸಾಗ ಚಕ್ರವರ್ತಿ 812ರಲ್ಲಿ ಕ್ಯೋಟೊದಲ್ಲಿ ಹೂವಿನ ಔತಣ ಮಾಡಿದ್ದು ದಾಖಲೆಯಲ್ಲಿದೆ. ಯಸುಯುಕಿ ಅಒನೊ ಎಂಬ ವಿಜ್ಞಾನಿ ದೊರೆಗಳ, ಆಸ್ಥಾನಿಕರ, ಸನ್ಯಾಸಿಗಳ ದಿನಚರಿಗಳಿಂದ ಇಂಥ ತಾರೀಕುಗಳನ್ನು ಹೆಕ್ಕಿ ಪಟ್ಟಿ ಮಾಡಿದರು. 2021ರಲ್ಲಿ ಕ್ಯೋಟೊದ ಚೆರ್ರಿ ಮಾರ್ಚ್ 26ಕ್ಕೇ ಪೂರ್ತಿ ಅರಳಿದಾಗ, ಸುಮಾರು 1,200 ವರ್ಷಗಳಲ್ಲಿ ಇಷ್ಟು ಬೇಗ ಅರಳಿದ್ದೇ ಇಲ್ಲ ಎಂದು ಹೇಳಲು ಸಾಧ್ಯವಾದದ್ದು ಆ ಪಟ್ಟಿಯಿಂದ. ಹೂ ನೋಡಿ ಖುಷಿಪಟ್ಟವರು ಬರೆದ ಒಂದೊಂದು ಸಾಲು ಈಗ ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿ.

ನಮ್ಮಲ್ಲಿ ಆ ಲೆಕ್ಕ ಜನರ ತಲೆಯಲ್ಲಿತ್ತು. ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ಮರದ ಬೀಜ ಯಾವಾಗ ಬಲಿಯುತ್ತದೆ, ಯಾವ ತಾಯಿಮರದ್ದು ಆರಿಸಬೇಕು ಎಂಬುದನ್ನು ಅರಣ್ಯ ಇಲಾಖೆಯವರೇ ಅವರನ್ನು ಕೇಳುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅವರು ಹೋದರು. ಎರಡೇ ತಿಂಗಳಿಗೆ, 2025ರ ಫೆಬ್ರುವರಿಯಲ್ಲಿ, ಹಾಡುಗಳ ಭಂಡಾರವಾಗಿದ್ದ ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಸುಕ್ರಜ್ಜಿಯ ಹಾಡುಗಳು ಒಂದಿಷ್ಟಾದರೂ ಧ್ವನಿಮುದ್ರಣದಲ್ಲಿ ಉಳಿದಿವೆ. ಮರಗಳ ಪಂಚಾಂಗ ಬರೆದಿಟ್ಟವರು ಯಾರು?

ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನರ ಹಿತ್ತಲಲ್ಲಿ ಮಲ್ಲಿಗೆಯೋ ಗೇರೋ ಮಾವೋ ಉಂಟು. ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೂರು ಪುಟದ ನೋಟುಬುಕ್ಕು ಇಟ್ಟಿದ್ದೇವೆ. ಈ ವರ್ಷ ನಿಮ್ಮಲ್ಲಿ ಮೊದಲ ಹೂ ಯಾವತ್ತು ಬಿಟ್ಟಿತು, ಮರ ಯಾವುದು, ಊರು ಯಾವುದು, ಇಷ್ಟು ಬರೆದು ಹೋಗಿ. ತಾರೀಕು ನೆನಪಿಲ್ಲದಿದ್ದರೆ ಮನೆಯಲ್ಲಿ ಅಮ್ಮನನ್ನು ಕೇಳಿ ನಾಳೆ ಬಂದು ಬರೆದರೂ ಆದೀತು. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.