ಹಳೆಯ ಕಥೆಗೆ ಬಂದ ಹೊಸಬ

ತಾವು ಮೆಚ್ಚಿದ ಕಾದಂಬರಿಯನ್ನೋ ಸಿನಿಮಾವನ್ನೋ ಹಿಡಿದು ಅದರ ಕಥೆಯನ್ನು ಮುಂದಕ್ಕೆ ಬೆಳೆಸಿ ಬರೆಯುವ ಹವ್ಯಾಸ ಈಗಿನ ತರುಣರಲ್ಲಿ ಉಂಟು. ಫ್ಯಾನ್ ಫಿಕ್ಷನ್ ಎಂದು ಅದಕ್ಕೆ ಹೆಸರು. ನನ್ನ ವಿದ್ಯಾರ್ಥಿನಿಯೊಬ್ಬಳು ಅಂಥದೊಂದನ್ನು ತಂದು ತೋರಿಸಿದಳು. ಅವಳೇ ಕಲ್ಪಿಸಿದ ಹುಡುಗಿಯೊಬ್ಬಳು ಅದರಲ್ಲಿ ಬರುತ್ತಾಳೆ. ಬಂದ ಗಳಿಗೆಯಿಂದಲೇ ಎಲ್ಲರಿಗಿಂತ ಜಾಣೆ, ಎಲ್ಲರಿಗೂ ಬೇಕಾದವಳು. ಪಾಪ, ನಾಯಕನಿಗೆ ಮಾಡಲು ಕೆಲಸವೇ ಉಳಿದಿಲ್ಲ! “ಇವಳನ್ನು ಯಾರೂ ನಂಬುವುದಿಲ್ಲ ಸಾರ್, ತೆಗೆದುಬಿಡಲೇ?” ಎಂದಳು. ತೆಗೆಯಬೇಡ, ಮೊದಲು ನಕ್ಷತ್ರಿಕನನ್ನು ಓದು ಎಂದೆ.

ಮಾರ್ಕಂಡೇಯ ಪುರಾಣದ ಹರಿಶ್ಚಂದ್ರನ ಕಥೆಯಲ್ಲಿ ನಕ್ಷತ್ರಿಕನಿಲ್ಲ. ಸಾಲ ಕೇಳಲು ವಿಶ್ವಾಮಿತ್ರನೇ ಬರುತ್ತಾನೆ. ಸುಮಾರು 13ನೆಯ ಶತಮಾನದ ನಮ್ಮ ರಾಘವಾಂಕನ ಕಾವ್ಯದಲ್ಲಾದರೋ ಋಷಿಯ ಪರವಾಗಿ ವಸೂಲಿಗೆ ಇವನು ಹೊರಡುತ್ತಾನೆ. ವೀರನಲ್ಲ, ಜ್ಞಾನಿಯಲ್ಲ. ದಾರಿಯುದ್ದಕ್ಕೂ ಹಸಿವು, ಬಾಯಾರಿಕೆ, ಆಯಾಸವೆಂದು ನೆಪ ತೆಗೆದು ಅರಸನನ್ನು ಕಾಡುವುದೇ ಅವನ ಉದ್ಯೋಗ. ಋಷಿಯ ಕೋಪ ನಮ್ಮ ಅಳತೆಗೆ ನಿಲುಕದು. ಬೆನ್ನು ಬಿಡದ ವಸೂಲಿಗಾರನನ್ನು ಕಾಣದವರಾರು? ಅವನ ಒಂದೊಂದು ಕಿರುಕುಳವನ್ನೂ ಅರಸ ಸಹಿಸಿದಂತೆ ಸತ್ಯದ ಭಾರ ನಮ್ಮ ಹೆಗಲಿಗೂ ತಾಗುತ್ತದೆ. ಹೊಸಬ ಬಂದದ್ದರಿಂದ ಹರಿಶ್ಚಂದ್ರ ಚಿಕ್ಕವನಾಗಲಿಲ್ಲ. ಕಾವ್ಯದ ಒಂದು ಪದ್ಯವನ್ನೂ ಓದದವರು ಇಂದಿಗೂ ಪೀಡಿಸುವವನನ್ನು ನಕ್ಷತ್ರಿಕನೆಂದೇ ಕರೆಯುತ್ತಾರೆ.

ಎರಡು ವಾರ ಬಿಟ್ಟು ಆ ಹುಡುಗಿ ಮತ್ತೆ ಬಂದಳು. ಕಥೆಯ ಹುಡುಗಿಗೆ ಈಗ ಕೆಲಸ ಸಿಕ್ಕಿತ್ತು: ನಾಯಕನ ಊರಿನಲ್ಲಿ ಅಂಚೆ ಹಂಚುವುದು. ಅವನ ಹೆಸರಿಗೆ ಬಂದ ಕಾಗದವೊಂದನ್ನು, ಕೆಟ್ಟ ಸುದ್ದಿಯಿರಬಹುದೆಂದು ಹೆದರಿ, ಮೂರು ದಿನ ಚೀಲದಲ್ಲೇ ಇಟ್ಟುಕೊಂಡಿದ್ದಳು. ಆಮೇಲೇನಾಯಿತು ಎಂದು ಈ ಸಲ ನಾನೇ ಕೇಳಬೇಕಾಯಿತು.