ಕೊಟ್ಟಿಗೆ ಮೊದಲೋ, ಅಪಾರ್ಟ್‌ಮೆಂಟ್ ಮೊದಲೋ?



ನಾನು ಎಂ.ಟೆಕ್. ಮುಗಿಸಿ ಹೈದರಾಬಾದಿನಲ್ಲಿ ಐಟಿ ಕೆಲಸದಲ್ಲಿರುವವಳು. ವಕೀಲೆಯಲ್ಲ. ಆದರೆ ನಮ್ಮೆಲ್ಲರ ಫೋನಿಗೆ ಬರುವ 'ಫಾರ್ಮ್ ಪ್ಲಾಟ್' ಜಾಹೀರಾತುಗಳ ಹಿಂದೆ ಒಂದು ಪ್ರಶ್ನೆ ಇದೆ. ನಗರ ಬೆಳೆದು ಹೊಲದ ಬದುವಿಗೆ ಬಂದು ನಿಂತಾಗ ರೈತನ ಹಕ್ಕೇನು, ನಮ್ಮ ಹಕ್ಕೇನು?

1908ರ ಮೂಸಿ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರ. ಈ ಜಲಾಶಯಗಳನ್ನು ಕಾಪಾಡಲು 1996ರಲ್ಲಿ ಸರ್ಕಾರ 111ನೇ ಜಿ.ಓ. ಹೊರಡಿಸಿತು. ಸುತ್ತಲಿನ 84 ಹಳ್ಳಿಗಳಲ್ಲಿ ಮಾಲಿನ್ಯದ ಕಾರ್ಖಾನೆ, ದೊಡ್ಡ ಹೋಟೆಲು, ವಸತಿ ಕಾಲೊನಿಗಳಿಗೆ ತಡೆ ಬಿತ್ತು.

ಉದ್ದೇಶ ಒಳ್ಳೆಯದೇ. ಆದರೆ ನೀರು ಕುಡಿದದ್ದು ನಗರ, ಬೆಲೆ ತೆತ್ತದ್ದು ಹಳ್ಳಿ. ಗಡಿಯಾಚೆಯ ಜಮೀನು ಕೋಟಿಗೆ ಏರಿತು, ನಮ್ಮದು ಏರಲಿಲ್ಲ ಎಂಬುದು ಅಲ್ಲಿನ ರೈತರ ದೂರು. 2022ರಲ್ಲಿ 69ನೇ ಜಿ.ಓ. ಬಂದು ನಿರ್ಬಂಧ ತೆಗೆಯುವ ಮಾತಾಡಿತು. ಆಗ ಕೆರೆಯ ಗತಿಯೇನು ಎಂದು ಪರಿಸರದವರು ಕೇಳಿದರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ರಸ್ತೆಗೆ ಜಾಗ ಬಿಟ್ಟವರಿಗೆ ಟಿ.ಡಿ.ಆರ್. ಎಂಬ ಅಭಿವೃದ್ಧಿ ಹಕ್ಕು ಕೊಡುವ ಪದ್ಧತಿ ಈ ನಗರದಲ್ಲಿದೆ. ಹೊಲವನ್ನು ಹೊಲವಾಗಿಯೇ ಉಳಿಸಿದವರಿಗೂ ಅದನ್ನು ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ನಮ್ಮ ಬಾಗಿಲಿನ ವಿಷಯ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕ ಒಂದು ಎಮ್ಮೆ ಕೊಟ್ಟಿಗೆ ಇದೆ. ವಾಸನೆ, ಸೊಳ್ಳೆ ಎಂದು ಅದನ್ನು ಮುಚ್ಚಿಸಲು ಸಹಿ ಸಂಗ್ರಹ ಶುರುವಾಯಿತು. ಕೊಟ್ಟಿಗೆ ನಮಗಿಂತ ಮೊದಲೇ ಅಲ್ಲಿತ್ತು, ಒಡತಿಯ ಸಂಸಾರ ನಡೆಯುವುದೇ ಆ ಹಾಲಿನಿಂದ. ನಾನು ಸಹಿ ಹಾಕಲಿಲ್ಲ. ನಾವು ನಾಲ್ವರು ಹೆಂಗಸರು ಹೋಗಿ ಆಕೆಯೊಡನೆ ಕೂತು ಮಾತಾಡಿದೆವು. ದಿನವೂ ಬೆಳಗ್ಗೆ ಏಳರೊಳಗೆ ಸಗಣಿ ಎತ್ತಬೇಕು, ಚರಂಡಿಗೆ ನಾವು ಮುಚ್ಚಳ ಹಾಕಿಸಬೇಕು ಎಂದು ಒಪ್ಪಂದವಾಯಿತು. ಈಗ ನಮ್ಮ ತಾರಸಿ ತೋಟಕ್ಕೆ ಗೊಬ್ಬರ ಅಲ್ಲಿಂದಲೇ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ 'ರೈಟ್ ಟು ಫಾರ್ಮ್' ಕಾನೂನುಗಳಿವೆ. ಆಮೇಲೆ ಬಂದ ನೆರೆಯವರು ಮೊದಲಿದ್ದ ಕೃಷಿಯನ್ನು ಉಪದ್ರವವೆಂದು ಸುಲಭವಾಗಿ ಎಬ್ಬಿಸಬಾರದು ಎಂಬುದೇ ಅವುಗಳ ಮೂಲ ತತ್ವ.

ಕೊನೆಗೆ ಒಂದು ಎಚ್ಚರಿಕೆ. ಒಂದು ಗುಂಟೆ ಎಂದರೆ 121 ಚದರ ಗಜ ಮಾತ್ರ. ಅದು ರಿಜಿಸ್ಟರ್ ಆದ ಮಾತ್ರಕ್ಕೆ ಮನೆ ಕಟ್ಟಲು ಅನುಮತಿ ಸಿಕ್ಕಂತಲ್ಲ. ಮುಂಗಡ ಕೊಡುವ ಮೊದಲು ಮಾಸ್ಟರ್ ಪ್ಲಾನ್‌ನಲ್ಲಿ ಆ ಸರ್ವೆ ನಂಬರ್ ಯಾವ ವಲಯದಲ್ಲಿದೆ ಎಂದು ನೋಡಿ. ಕೃಷಿ ವಲಯವಾದರೆ ಅಲ್ಲಿ ಕೃಷಿಯನ್ನೇ ಮಾಡೋಣ.