ಹಳೆಯ ಸಲಕರಣೆ ಪೆಟ್ಟಿಗೆ: ದುರಸ್ತಿ ಮತ್ತು ಜೋಡಣೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಮುಂಗಾರಿನ ಹದ ಮಳೆ ಬಿದ್ದು ಮೂರು ದಿನವಾಗಿದೆ. ಕಪ್ಪು ಭೂಮಿ ಕಾಲಿಗೆ ಅಂಟದಷ್ಟು ಆರಿ ಬಿತ್ತನೆಗೆ ತಕ್ಕ ಹದ ಬಂದಿದೆ. ಬೀಜ, ಗೊಬ್ಬರ ಸಿದ್ಧವಾಗಿವೆ. ಆಳುಗಳು ಬಂದಿದ್ದಾರೆ. ಟ್ರ್ಯಾಕ್ಟರಿಗೆ ಕೂರಿಗೆ ಜೋಡಿಸಿ ಬಿತ್ತನೆ ಆರಂಭಿಸಿದ ಎರಡನೆಯ ಸಾಲಿನಲ್ಲೇ ಒಂದು ತಾಳಿನ ನಟ್ಟು ಸಡಿಲಗೊಂಡು ಮಣ್ಣಿನಲ್ಲಿ ಉದುರಿಹೋಗುತ್ತದೆ. ಆ ನಟ್ಟಿನ ಬೆಲೆ ಕೆಲವೇ ರೂಪಾಯಿ. ಆದರೆ ಅದಕ್ಕೆ ಒಪ್ಪುವ ಇನ್ನೊಂದು ನಟ್ಟು ಮನೆಯಲ್ಲಿ ಎಲ್ಲಿದೆ, ಸ್ಪ್ಯಾನರು ಯಾರ ಮನೆಗೆ ಎರವಲು ಹೋಗಿದೆ ಎಂಬುದು ಯಾರಿಗೂ ತಿಳಿಯದು. ಪೇಟೆಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. ಮರಳು ಮಿಶ್ರಿತ ಕೆಂಪು ಭೂಮಿಯಾದರಂತೂ ಅಷ್ಟರಲ್ಲಿ ಮೇಲ್ಮಣ್ಣಿನ ತೇವ ಆರಿಯೇ ಹೋಗುತ್ತದೆ. ಹದ ತಪ್ಪಿ ಬಿತ್ತಿದ ಬೀಜ ಒಂದೇ ಸಮನಾಗಿ ಮೊಳೆಯುವುದಿಲ್ಲ. ಆ ದಿನದ ಒಂದು ನಟ್ಟಿನ ಕೊರತೆ ಸುಗ್ಗಿಯ ಕಣದಲ್ಲಿ ಎದ್ದು ಕಾಣುತ್ತದೆ.

ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ಮಾತು ಇಂತಹ ಸಂದರ್ಭಕ್ಕೇ ಹುಟ್ಟಿದಂತಿದೆ. ಇದಕ್ಕೆ ಪರಿಹಾರ ದುಬಾರಿಯದಲ್ಲ. ತಂದೆಯ ಕಾಲದಿಂದ ಮೂಲೆಯಲ್ಲಿ ಬಿದ್ದಿರುವ, ಇಲ್ಲವೇ ಗುಜರಿ ಅಂಗಡಿಯಲ್ಲಿ ಸಿಗುವ ಹಳೆಯ ಮೆಕ್ಯಾನಿಕ್ ಪೆಟ್ಟಿಗೆಯನ್ನು ದುರಸ್ತಿ ಮಾಡಿ, ಹೊಲದ ಯಂತ್ರಗಳಿಗೆ ತಕ್ಕಂತೆ ಜೋಡಿಸಿಕೊಂಡರೆ ಸಾಕು. ಈ ಕೆಲಸಕ್ಕೆ ಬೇಸಿಗೆಯೇ ತಕ್ಕ ಕಾಲ. ಹೊಲದ ಕೆಲಸ ಕಡಿಮೆ ಇರುತ್ತದೆ, ಬಣ್ಣವೂ ಬೇಗ ಒಣಗುತ್ತದೆ.

ಪೆಟ್ಟಿಗೆಯ ಪರೀಕ್ಷೆ

ಸಾಮಾನ್ಯವಾಗಿ ಸಿಗುವುದು ಎರಡೂ ಕಡೆಗೆ ತೆರೆದುಕೊಳ್ಳುವ ಮೂರು ಅಥವಾ ಐದು ಖಾನೆಗಳ ಕಬ್ಬಿಣದ ತಗಡಿನ ಪೆಟ್ಟಿಗೆ. ಮೊದಲು ಅದನ್ನು ಪೂರ್ತಿ ಖಾಲಿ ಮಾಡಿ ಬಿಸಿಲಿನಲ್ಲಿ ಬೋರಲು ಹಾಕಬೇಕು. ತಿರುಪುಳಿಯ ತುದಿಯಿಂದ ತಳವನ್ನು ಅಲ್ಲಲ್ಲಿ ಒತ್ತಿ ನೋಡಬೇಕು. ತುಕ್ಕು ಮೇಲ್ಮೈಯಲ್ಲಷ್ಟೇ ಇದ್ದರೆ ತಗಡು ಗಟ್ಟಿಯಾಗಿರುತ್ತದೆ. ಒಳಗಿನವರೆಗೆ ತಿಂದಿದ್ದರೆ ತುದಿ ತೂರಿಹೋಗುತ್ತದೆ. ತಳ ಹೋಗಿದ್ದರೂ ಪಕ್ಕದ ಗೋಡೆಗಳು ಗಟ್ಟಿ ಇದ್ದರೆ ಪೆಟ್ಟಿಗೆ ದುರಸ್ತಿಗೆ ಯೋಗ್ಯ. ಗೋಡೆಗಳೇ ಹೋಗಿದ್ದರೆ ಅದನ್ನು ಗುಜರಿಗೇ ಬಿಡುವುದು ಲೇಸು.

ಒಳಗಿನ ಸಲಕರಣೆಗಳನ್ನು ಮೂರು ರಾಶಿ ಮಾಡಬೇಕು: ಚೆನ್ನಾಗಿರುವುವು, ರಿಪೇರಿಗೆ ಬರುವುವು, ಎಸೆಯತಕ್ಕವು. ಬಾಯಿ ಅಗಲವಾದ ಅಥವಾ ಬಿರುಕು ಬಿಟ್ಟ ಸ್ಪ್ಯಾನರನ್ನು ಇಟ್ಟುಕೊಳ್ಳಬಾರದು. ಅದು ಜಾರಿದಾಗ ಬೆರಳ ಗೆಣ್ಣು ಒಡೆಯುತ್ತದೆ. ಹೊಡೆದು ಹೊಡೆದು ತಲೆ ಅಣಬೆಯಂತೆ ಅರಳಿದ ಉಳಿಯನ್ನು ಸಾಣೆ ಹಿಡಿಸಿ ನೇರ ಮಾಡಿಸಬೇಕು. ಇಲ್ಲದಿದ್ದರೆ ಅದರ ಚೂರು ಸಿಡಿದು ಕಣ್ಣಿಗೆ ಬೀಳುವ ಅಪಾಯವಿದೆ. ಕಾವು ಸಡಿಲವಾದ ಸುತ್ತಿಗೆಗೆ ಹೊಸ ಕಾವು ಹಾಕಬೇಕು. ಹಿಡಿ ಇಲ್ಲದ ಅರದಿಂದ ಕೆಲಸ ಮಾಡಬಾರದು, ಅದರ ಬಾಲ ಅಂಗೈಗೆ ಚುಚ್ಚುತ್ತದೆ.

ಹಳೆಯ ಬಣ್ಣದಲ್ಲಿ ವಿಷ

ಪೆಟ್ಟಿಗೆಯ ಜಿಡ್ಡನ್ನು ಡೀಸೆಲ್ ಮತ್ತು ಬ್ರಷ್‌ನಿಂದ, ಬಯಲಿನಲ್ಲಿ, ಬೆಂಕಿಯಿಂದ ದೂರವಿದ್ದು ತೊಳೆಯಬೇಕು. ಪೆಟ್ರೋಲ್ ಉಪಯೋಗಿಸಲೇಬಾರದು. ಅನಂತರ ಸಾಬೂನು ನೀರಿನಿಂದ ತೊಳೆದು ಒಣಗಿಸಬೇಕು. ಇಷ್ಟು ಆದ ಮೇಲೆ ಹಳೆಯ ಬಣ್ಣ ಕೆರೆಯುವ ಕೆಲಸ ಬರುತ್ತದೆ. ಬಹಳ ಜನ ಎಡವುವುದು ಇಲ್ಲಿಯೇ.

ಹಳೆಯ ಎನಾಮೆಲ್ ಬಣ್ಣಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ ಮತ್ತು ಹಸಿರು ಬಣ್ಣಗಳಲ್ಲಿ, ಸೀಸದ ಸಂಯುಕ್ತಗಳಿರುವ ಸಂಭವ ಹೆಚ್ಚು. ತಳದ ಲೇಪವಾಗಿ ಬಳಸುತ್ತಿದ್ದ ಸಿಂಧೂರ ಬಣ್ಣದ ರೆಡ್ ಲೆಡ್ ಕೂಡ ಸೀಸವೇ. ಭಾರತದಲ್ಲಿ ಗೃಹಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು 2016ರಲ್ಲಿ ಹೊರಡಿಸಲಾಯಿತು. ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನೆಲ್ಲ ಸೀಸವಿದೆಯೆಂದೇ ತಿಳಿದು ಕೆಲಸ ಮಾಡುವುದು ಕ್ಷೇಮ. ಸೀಸದ ಧೂಳು ದೊಡ್ಡವರ ನರಗಳಿಗೂ ಮೂತ್ರಪಿಂಡಗಳಿಗೂ ಕೆಟ್ಟದ್ದು. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವುದಿಲ್ಲ.

ಆದ್ದರಿಂದ ಬಣ್ಣವನ್ನು ಒಣದಾಗಿ ಉಜ್ಜಬಾರದು, ಬೆಂಕಿಯಿಂದ ಸುಡಬಾರದು, ಗ್ರೈಂಡರ್ ಹಿಡಿಯಬಾರದು. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ, ಮೇಲ್ಮೈ ಸದಾ ಒದ್ದೆ ಇರುವಂತೆ ನೋಡಿಕೊಂಡು ಉಜ್ಜಬೇಕು. ಮೊದಲು 120ನೇ ನಂಬರಿನದು, ಅನಂತರ 220. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಬಿದ್ದ ರಾಡಿಯನ್ನೆಲ್ಲ ಒಟ್ಟುಗೂಡಿಸಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಅದನ್ನು ಬಾವಿ, ಕಾಲುವೆ, ದನಗಳ ನೀರಿನ ತೊಟ್ಟಿ, ತಿಪ್ಪೆ ಇವುಗಳ ಹತ್ತಿರ ಚೆಲ್ಲಬಾರದು. ಕೆಲಸದ ಸ್ಥಳಕ್ಕೆ ಮಕ್ಕಳನ್ನು ಬಿಡಬಾರದು. ಕೈ ತೊಳೆಯದೆ ಎಲೆ ಅಡಿಕೆ ಹಾಕಿಕೊಳ್ಳಬಾರದು. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸೀಸದ ಧೂಳು ತಡೆಯುವುದಿಲ್ಲವೆಂಬುದನ್ನು ನೆನಪಿಡಬೇಕು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು.

ತುಕ್ಕು ತೆಗೆಯುವುದು

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಈ ಮೂರೂ ಕೂಡಿದಾಗ ತುಕ್ಕು ಹುಟ್ಟುತ್ತದೆ. ಚಿಕ್ಕ ಕೈ ಸಲಕರಣೆಗಳ ತೆಳು ತುಕ್ಕಿಗೆ ಹುಣಸೆಹುಳಿಯ ನೀರೇ ಸಾಕು. ಅದರಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಸಡಿಲಿಸುತ್ತದೆ. ಒಂದು ರಾತ್ರಿ ನೆನೆಸಿ, ಬೆಳಗ್ಗೆ ಬ್ರಷ್‌ನಿಂದ ತಿಕ್ಕಿ, ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಕೂಡಲೇ ಎಣ್ಣೆ ಸವರಬೇಕು. ಸೋಡಾ ನೀರಿನಲ್ಲಿ ತೊಳೆಯದೆ ಬಿಟ್ಟರೆ ಉಳಿದ ಹುಳಿ ಮತ್ತೆ ತುಕ್ಕು ತರುತ್ತದೆ. ಸ್ಪ್ರಿಂಗ್‌ಗಳನ್ನು ಮತ್ತು ಅಳತೆಯ ಸಲಕರಣೆಗಳನ್ನು ಹುಳಿಯಲ್ಲಿ ನೆನೆಹಾಕಬಾರದು.

ತಳ ತೂತಾಗಿದ್ದರೆ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ತಗಡನ್ನು ಒಳಗಿನಿಂದ ಹಾಕಿ ರಿವೆಟ್ ಹೊಡೆಯಬಹುದು. ಸತುವಿನ ಲೇಪವಿರುವ ಜಿ.ಐ. ತಗಡಾದರೆ ವೆಲ್ಡಿಂಗ್ ಮಾಡದಿರುವುದೇ ಒಳ್ಳೆಯದು. ಸತುವಿನ ಹೊಗೆ ಕುಡಿದವರಿಗೆ ಅದೇ ರಾತ್ರಿ ಚಳಿಜ್ವರ ಬರುತ್ತದೆ. ಖಾನೆಗಳನ್ನು ಎತ್ತುವ ಪಟ್ಟಿಗಳ ರಿವೆಟ್ ಸವೆದಿದ್ದರೆ ಅದನ್ನು ತೆಗೆದು ವಾಷರ್ ಸಹಿತ ಬೋಲ್ಟು ಹಾಕಿ, ಅಲುಗಾಟಕ್ಕೆ ಬಿಚ್ಚಿಕೊಳ್ಳದ ನೈಲಾಕ್ ನಟ್ಟಿನಿಂದ ಬಿಗಿಯಬೇಕು. ತಳಕ್ಕೆ ಎರಡು ಮರದ ಪಟ್ಟಿಗಳನ್ನು ಕಾಲಿನಂತೆ ಜೋಡಿಸಿದರೆ ನೆಲದ ಥಂಡಿ ತಗಡಿಗೆ ತಾಗುವುದಿಲ್ಲ.

ಬಣ್ಣ ಹಚ್ಚುವುದು

ಉಜ್ಜಿ ತೆರೆದ ಕಬ್ಬಿಣ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗಬಹುದು. ಆದುದರಿಂದ ಒಣಗಿಸಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಬೇಕು. ರೆಡ್ ಆಕ್ಸೈಡ್ ಕಬ್ಬಿಣದ ಆಕ್ಸೈಡು. ರೆಡ್ ಲೆಡ್ ಅಲ್ಲ. ಡಬ್ಬಿಯ ಮೇಲಿನ ಚೀಟಿ ಓದಿ, ಕ್ರೋಮೇಟ್ ಇರುವುದರ ಬದಲು ಜಿಂಕ್ ಫಾಸ್ಫೇಟ್ ಇರುವುದನ್ನು ಕೊಳ್ಳುವುದು ಆರೋಗ್ಯಕ್ಕೆ ಹಿತ. ಇದರ ಮೇಲೆ ಎನಾಮೆಲ್ ಬಣ್ಣವನ್ನು ಒಂದು ದಿನ ಬಿಟ್ಟು ಒಂದರಂತೆ ಎರಡು ಸಲ ತೆಳುವಾಗಿ ಹಚ್ಚಬೇಕು. ದಪ್ಪಗೆ ಒಂದೇ ಸಲ ಬಳಿದರೆ ಮೇಲೆ ಕೆನೆಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಹೊರಗೆ ಹಳದಿ ಅಥವಾ ಕಿತ್ತಳೆ ಬಣ್ಣವಿದ್ದರೆ ಹೊಲದ ಬದುವಿನಲ್ಲಿ ಮರೆತರೂ ದೂರಕ್ಕೆ ಕಾಣುತ್ತದೆ. ಒಳಗೆ ತಿಳಿ ಬಣ್ಣವಿದ್ದರೆ ಬಿದ್ದ ಚಿಕ್ಕ ವಾಷರ್ ಕೂಡ ಕಣ್ಣಿಗೆ ಬೀಳುತ್ತದೆ.

ಅಂಗುಲವೋ, ಮಿಲಿಮೀಟರೋ?

ಹಳೆಯ ಪೆಟ್ಟಿಗೆಯಲ್ಲಿ ಮೂರು ಬಗೆಯ ಸ್ಪ್ಯಾನರುಗಳು ಬೆರೆತಿರುತ್ತವೆ. ಅತ್ಯಂತ ಹಳೆಯವು ವಿಟ್‌ವರ್ತ್ ಅಳತೆಯವು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಥ್ರೆಡ್ಡಿಗೆ ಒಂದು ಸಮಾನ ಅಳತೆ ಸೂಚಿಸಿದ. ಈ ಜಾತಿಯ ಸ್ಪ್ಯಾನರಿನ ಮೇಲಿರುವ ಅಂಕಿ ಬೋಲ್ಟಿನ ದಪ್ಪವನ್ನು ಹೇಳುತ್ತದೆಯೇ ಹೊರತು ಬಾಯಿಯ ಅಗಲವನ್ನಲ್ಲ. 3/8 ಎಂದು ಬರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ಸುಮಾರು 18 ಮಿ.ಮೀ. ಇದೆ. ಅದೇ 3/8 ಎಂದು ಬರೆದ, ಎ.ಎಫ್. ಗುರುತಿನ ಸ್ಪ್ಯಾನರಿನ ಬಾಯಿ 9.5 ಮಿ.ಮೀ. ಮಾತ್ರ. ಮೂರನೆಯದು ಮಿಲಿಮೀಟರಿನದು. 1956ರ ತೂಕ ಮತ್ತು ಅಳತೆಗಳ ಕಾಯ್ದೆಯ ನಂತರ ಭಾರತದಲ್ಲಿ ಮೆಟ್ರಿಕ್ ಪದ್ಧತಿ ಬಂದಿತಾದರೂ, ಇಂಗ್ಲೆಂಡ್ ಮೂಲದ ವಿನ್ಯಾಸದ ಹಳೆಯ ಟ್ರ್ಯಾಕ್ಟರುಗಳಲ್ಲಿ ಅಂಗುಲದ ಬೋಲ್ಟುಗಳು ಇಂದಿಗೂ ಉಳಿದಿವೆ. ಜೆಕೊಸ್ಲೊವಾಕಿಯಾದ ಜೆಟರ್ ವಿನ್ಯಾಸದಂತೆ 1971ರಲ್ಲಿ ತಯಾರಿಕೆ ಆರಂಭಿಸಿದ ಎಚ್.ಎಂ.ಟಿ. ಟ್ರ್ಯಾಕ್ಟರುಗಳಲ್ಲಿ ಮಿಲಿಮೀಟರಿನ ಬೋಲ್ಟುಗಳಿವೆ.

ಮುಕ್ಕಾಲು ಅಂಗುಲಕ್ಕೂ 19 ಮಿ.ಮೀ.ಗೂ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅರ್ಧ ಅಂಗುಲವೆಂದರೆ 12.7 ಮಿ.ಮೀ.; ಅದಕ್ಕೆ 13ರ ಸ್ಪ್ಯಾನರ್ ಹಾಕಿ ಜೋರಾಗಿ ತಿರುಗಿಸಿದರೆ ನಟ್ಟಿನ ಮೂಲೆ ಸವೆದು ದುಂಡಗಾಗುತ್ತದೆ. ದುಂಡಗಾದ ನಟ್ಟಿಗೆ ಉಳಿಯೇ ಗತಿ. ಆದ್ದರಿಂದ ಅಂಗುಲದ ಸ್ಪ್ಯಾನರಿನ ನಡುವಿಗೆ ಕೆಂಪು, ಮಿಲಿಮೀಟರಿನದಕ್ಕೆ ನೀಲಿ, ವಿಟ್‌ವರ್ತ್‌ನದಕ್ಕೆ ಬಿಳಿ ಪಟ್ಟಿ ಬಳಿದು ಬೇರೆ ಬೇರೆ ಇಡಬೇಕು. ಆಗ ಓದಲು ಬಾರದ ಆಳಿಗೂ ಗುರುತು ಸಿಗುತ್ತದೆ.

ಖಾನೆಗಳ ಜೋಡಣೆ

ಅಂಗಡಿಯವರು ಕೊಟ್ಟ ಸೆಟ್ಟನ್ನು ಹಾಗೆಯೇ ತುಂಬುವುದು ಜೋಡಣೆಯಲ್ಲ. ಹೊಲದಲ್ಲಿರುವ ಯಂತ್ರಗಳನ್ನು ನೋಡಿ ಪೆಟ್ಟಿಗೆಯನ್ನು ತುಂಬಬೇಕು. ಒಂದು ಮಧ್ಯಾಹ್ನ ಸ್ಪ್ಯಾನರುಗಳನ್ನು ಹಿಡಿದು ಟ್ರ್ಯಾಕ್ಟರ್, ಕೂರಿಗೆ, ಕಲ್ಟಿವೇಟರ್, ಪಂಪ್‌ಸೆಟ್ ಎಲ್ಲದರ ಬೋಲ್ಟುಗಳಿಗೂ ಹಾಕಿ ನೋಡಿ, ಯಾವುದಕ್ಕೆ ಯಾವ ನಂಬರ್ ಎಂದು ಪಟ್ಟಿ ಬರೆಯಬೇಕು. ಉದಾಹರಣೆಗೆ, 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 13ರ ಸ್ಪ್ಯಾನರ್, 10ಕ್ಕೆ 17 ಅಥವಾ 16, 12ಕ್ಕೆ 19 ಅಥವಾ 18, 16ಕ್ಕೆ 24. ಈ ಪಟ್ಟಿಯನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಮುಚ್ಚಳದ ಒಳಭಾಗಕ್ಕೆ ಅಂಟಿಸಬೇಕು. ಇಡೀ ಪೆಟ್ಟಿಗೆಯಲ್ಲಿ ಹೆಚ್ಚು ಬೆಲೆಬಾಳುವುದು ಈ ಕಾಗದವೇ.

ಮೇಲಿನ ಖಾನೆಗಳಲ್ಲಿ ದಿನವೂ ಬೇಕಾಗುವ ಸ್ಪ್ಯಾನರು, ತಿರುಪುಳಿ, ಇಕ್ಕಳಗಳಿರಲಿ. ಮಧ್ಯದ ಒಂದು ಖಾನೆ ಬಿತ್ತನೆಯ ಸಲಕರಣೆಗಳಿಗೆ ಮೀಸಲು: ತಾಳಿನ ಬೋಲ್ಟು, ನಟ್ಟು, ಸ್ಪ್ರಿಂಗ್ ವಾಷರ್, ಲಿಂಚ್ ಪಿನ್, ಕಾಟರ್ ಪಿನ್, ಬೀಜ ಬೀಳಿಸುವ ಚೈನಿನ ಜೋಡು ಕೊಂಡಿ, ಬೀಜದ ಕೊಳವೆಯ ಕ್ಲಿಪ್ಪು. ಪ್ರತಿಯೊಂದೂ ಕನಿಷ್ಠ ಎರಡಿರಬೇಕು. ಇನ್ನೊಂದು ಖಾನೆ ಪಂಪ್‌ಸೆಟ್ಟಿನದು: ಟೆಸ್ಟರ್, ಫ್ಯೂಸ್ ತಂತಿ, ಇನ್ಸುಲೇಷನ್ ಟೇಪ್. ಟೆಸ್ಟರ್ ದೀಪ ಹತ್ತಲಿಲ್ಲವೆಂದು ತಂತಿ ಮುಟ್ಟಬಾರದು. ಮೇನ್ ಸ್ವಿಚ್ ಆರಿಸಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೆಲಸ. ಕೆಳಗಿನ ದೊಡ್ಡ ಖಾನೆಗೆ ಸುತ್ತಿಗೆ, ಉಳಿ, ಗ್ರೀಸ್ ಗನ್. ಕೀಟನಾಶಕ ತಾಗಿದ ಸ್ಪ್ರೇಯರ್ ನಾಜಲ್‌ಗಳನ್ನು ಈ ಪೆಟ್ಟಿಗೆಗೆ ಸೇರಿಸದೆ ಬೇರೆ ಡಬ್ಬಿಯಲ್ಲಿಡಬೇಕು.

ಖಾನೆಗಳ ತಳಕ್ಕೆ ಹಳೆಯ ಟ್ಯೂಬಿನ ರಬ್ಬರ್ ಹಾಸಿದರೆ ಸಲಕರಣೆಗಳು ಜಾರುವುದಿಲ್ಲ. ಗೋಣಿತಾಟು ಬೇಡ, ಅದು ತೇವ ಹೀರುತ್ತದೆ. ರಬ್ಬರಿನ ಮೇಲೆ ಪ್ರತಿ ಸಲಕರಣೆಯ ಆಕಾರವನ್ನು ಬಿಳಿ ಬಣ್ಣದಿಂದ ಬರೆದಿಟ್ಟರೆ, ಸಂಜೆ ಪೆಟ್ಟಿಗೆ ಮುಚ್ಚುವಾಗ ಯಾವುದು ಬಂದಿಲ್ಲವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ನೆರೆಯವರು ಎರವಲು ಒಯ್ದರೆ ಆ ಜಾಗದಲ್ಲಿ ಹೆಸರು ಬರೆದ ಚೀಟಿ ಇಡಬೇಕು. ಇದರಿಂದ ಸ್ನೇಹವೂ ಉಳಿಯುತ್ತದೆ, ಸ್ಪ್ಯಾನರೂ ಉಳಿಯುತ್ತದೆ.

ಎಲ್ಲಿಡಬೇಕು, ಯಾವಾಗ ನೋಡಬೇಕು?

ಗೊಬ್ಬರದ ಕೋಣೆಯಲ್ಲಿ ಪೆಟ್ಟಿಗೆ ಇಡುವುದು ಸಾಮಾನ್ಯ ತಪ್ಪು. ಯೂರಿಯಾ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಒಂದು ಕ್ಲೋರೈಡ್ ಲವಣ. ಅದರ ಧೂಳು ಕೂತ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಸ್ಥಳವೂ ತರವಲ್ಲ. ಮನೆಯ ಎಲ್ಲರಿಗೂ, ಹೆಣ್ಣುಮಕ್ಕಳಿಗೂ ಸಹ, ಪೆಟ್ಟಿಗೆಯ ಸ್ಥಳವೂ ಖಾನೆಗಳ ಕ್ರಮವೂ ತಿಳಿದಿರಬೇಕು. ಯಜಮಾನ ಹೊಲದಲ್ಲಿದ್ದಾಗ ಫೋನಿನಲ್ಲಿ ಕೇಳಿದ ಸ್ಪ್ಯಾನರನ್ನು ಹುಡುಕಿ ಕೊಟ್ಟು ಕಳಿಸುವವರು ಅವರೇ.

ವರ್ಷಕ್ಕೆ ಎರಡು ಬಾರಿ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ನೋಡಬೇಕು. ಮೊದಲನೆಯದು ಯುಗಾದಿಯ ಹಿಂದುಮುಂದು, ಮುಂಗಾರಿಗೆ ಮುಂಚೆ. ಎರಡನೆಯದಕ್ಕೆ ಹಿರಿಯರೇ ದಿನ ಗೊತ್ತು ಮಾಡಿದ್ದಾರೆ: ಆಯುಧಪೂಜೆ, ಹಿಂಗಾರಿ ಬಿತ್ತನೆಯ ಹೊಸ್ತಿಲಲ್ಲಿ ಬರುವ ಹಬ್ಬ. ಅಂದು ಸಲಕರಣೆಗಳನ್ನು ತೊಳೆದು ಅರಿಸಿನ ಕುಂಕುಮ ಹಚ್ಚಿದರೆ ಸಾಲದು. ಮರುದಿನ ಅವನ್ನು ಒಣ ಬಟ್ಟೆಯಿಂದ ಒರೆಸಿ ಎಣ್ಣೆ ಸವರಿ, ಮುಗಿದುಹೋದ ನಟ್ಟು ಬೋಲ್ಟುಗಳನ್ನು ತಂದು ಖಾನೆ ತುಂಬಿದಾಗಲೇ ಪೂಜೆ ಪೂರ್ಣವಾದಂತೆ.

ಹದ ಯಾರಿಗೂ ಕಾಯುವುದಿಲ್ಲ. ಅದು ಬಂದ ದಿನ ಪೆಟ್ಟಿಗೆ ಸಿದ್ಧವಾಗಿರಲಿ.